ಫ್ರೀಜರ್ ಫ್ಯಾನ್ ನಿಂತಿದೆ, ಕಂಪ್ರೆಸರ್ ಓಡುತ್ತಿದೆ: ಮೋಟಾರ್ ಬದಲಿಸಲೇಬೇಕಾ?

ಮೋಟಾರ್ ತರುವ ಮೊದಲು ಒಂದು ದಿನ ತಡೆಯಿರಿ. ಐಸ್ ಕ್ರೀಮ್ ಮೆತ್ತಗಾಗಿದೆ, ಕಂಪ್ರೆಸರ್ ಓಡುತ್ತಿದೆ, ಒಳಗಿನ ಫ್ಯಾನಿನ ಸದ್ದೇ ಇಲ್ಲ, ನಿಲ್ಲುವ ಮುಂಚೆ ಎರಡು ಮೂರು ದಿನ ಕರಕರ ಅನ್ನುತ್ತಿತ್ತು ಅಂತ ಬರೆದಿದ್ದೀರಿ. ನನಗೆ ಮುಖ್ಯವಾಗಿ ಕಂಡದ್ದು ಆ ಕರಕರ ಸದ್ದು. ಫ್ಯಾನಿನ ರೆಕ್ಕೆಗೆ ಐಸ್ ತಾಗಿದರೆ ಹಾಗೆ ಕೆರೆಯುತ್ತದೆ. ಬೇರಿಂಗ್ ಸವೆದಿದ್ದರೆ ಕೀಚಲು ಸದ್ದು ಬರುವುದೇ ಹೆಚ್ಚು.

ನಮ್ಮ ಮನೆಯಲ್ಲೂ ಇದೇ ಆಗಿತ್ತು. ನಾನು ನೇರವಾಗಿ ಹೊಸ ಮೋಟಾರ್ ತಂದು ಹಾಕಿದೆ. ಎರಡು ವಾರ ಚೆನ್ನಾಗಿ ಓಡಿ ಮತ್ತೆ ಅದೇ ಸದ್ದು ಶುರುವಾಯಿತು. ಹಿಂದಿನ ಕವರ್ ಬಿಚ್ಚಿ ನೋಡಿದರೆ ಕಾಯಿಲ್, ಅಂದರೆ ಒಳಗನ್ನು ತಣ್ಣಗೆ ಮಾಡುವ ಪೈಪಿನ ಸುರುಳಿ, ಪೂರ್ತಿ ಐಸಿನ ಗಟ್ಟಿಯೊಳಗೆ ಹೂತುಹೋಗಿತ್ತು. ರೆಕ್ಕೆಯ ತುದಿ ಆ ಐಸಿನಲ್ಲಿ ಬಳೆಯಂತೆ ಗುಂಡಗೆ ಗೀರು ಕೊರೆದಿತ್ತು. ಕೆಟ್ಟದ್ದು ಡಿಫ್ರಾಸ್ಟ್ ಹೀಟರ್, ಅಂದರೆ ಕಾಯಿಲಿನ ಐಸ್ ಕರಗಿಸುವ ಹೀಟರ್. ತೆಗೆದಿಟ್ಟಿದ್ದ ಹಳೆಯ ಮೋಟಾರ್ ಕರೆಂಟ್ ಕೊಟ್ಟರೆ ಸಲೀಸಾಗಿ ತಿರುಗಿತು.

ಫ್ರಾಸ್ಟ್ ಫ್ರೀ ಫ್ರೀಜರಿನಲ್ಲಿ ಕಾಯಿಲ್ ಹಿಂಬದಿಯ ಕವರಿನ ಹಿಂದಿರುತ್ತದೆ. ಫ್ಯಾನ್ ಆ ಕಾಯಿಲಿನ ಮೇಲಿಂದ ಗಾಳಿ ಎಳೆದು ಒಳಗೆಲ್ಲ ಹರಡುತ್ತದೆ. ಬಾಗಿಲು ತೆರೆದಾಗಲೆಲ್ಲ ಒಳನುಗ್ಗುವ ತೇವ ಕಾಯಿಲಿನ ಮೇಲೆ ಐಸಾಗಿ ಕೂರುತ್ತದೆ. ಅದನ್ನು ಕರಗಿಸಲು ಆಗಾಗ ಕಂಪ್ರೆಸರ್ ನಿಂತು, ಹೀಟರ್ ಸ್ವಲ್ಪ ಹೊತ್ತು ಬಿಸಿಯಾಗುತ್ತದೆ. ಹೆಚ್ಚಿನ ಮಾಡೆಲ್‌ಗಳಲ್ಲಿ ಆಗ ಫ್ಯಾನೂ ನಿಲ್ಲುತ್ತದೆ, ಹಾಗಾಗಿ ಒಂದರ್ಧ ಗಂಟೆ ಸದ್ದಿಲ್ಲ ಅಂದ ಮಾತ್ರಕ್ಕೆ ಕೆಟ್ಟಿದೆ ಅನ್ನಬೇಡಿ. ಈ ಕರಗಿಸುವ ಕೆಲಸ ತಪ್ಪಿದರೆ ಐಸ್ ಬೆಳೆಯುತ್ತಾ ಬಂದು ಕೊನೆಗೆ ರೆಕ್ಕೆಯನ್ನೇ ಹಿಡಿದುಬಿಡುತ್ತದೆ.

ಮೊದಲು ಬಾಗಿಲ ಸ್ವಿಚ್ ನೋಡಿ. ಬಾಗಿಲು ತೆರೆದರೆ ಫ್ಯಾನ್ ನಿಲ್ಲುವಂತೆ ಬಹಳಷ್ಟು ಫ್ರೀಜರ್‌ಗಳಲ್ಲಿ ಇರುತ್ತದೆ. ಕಂಪ್ರೆಸರ್ ಓಡುತ್ತಿರುವಾಗ ಬಾಗಿಲು ತೆರೆದು, ಸ್ವಿಚ್ಚನ್ನು ಬೆರಳಿನಿಂದ ಒತ್ತಿ ಹಿಡಿದು ಒಂದೆರಡು ನಿಮಿಷ ಕಿವಿಗೊಡಿ. ಫ್ಯಾನ್ ತಿರುಗಿದರೆ ಮೋಟಾರ್ ಸರಿಯಿದೆ, ಬಾಗಿಲು ಸ್ವಿಚ್ಚನ್ನು ಸರಿಯಾಗಿ ಒತ್ತುತ್ತಿಲ್ಲ ಅಂತ ಅರ್ಥ.

ಇಲ್ಲವಾದರೆ ಪ್ಲಗ್ ಕಿತ್ತು, ಸಾಮಾನು ಬೇರೆ ಕಡೆ ಇಟ್ಟು, ಹಿಂದಿನ ಕವರ್ ಬಿಚ್ಚಿ. ಕವರಿಗೆ ವೈರ್ ಅಂಟಿಕೊಂಡಿರಬಹುದು, ಜಗ್ಗಬೇಡಿ. ಕಾಯಿಲಿನ ಮೇಲೆ ಬೂದಿ ಉದುರಿಸಿದ ಹಾಗೆ ತೆಳ್ಳಗೆ ಬಿಳಿ ಪದರ ಇದ್ದರೆ ಅದು ಮಾಮೂಲು. ಕಾಯಿಲ್ ಕಾಣದಷ್ಟು ಗಟ್ಟಿ ಐಸ್ ಇದ್ದರೆ ಡಿಫ್ರಾಸ್ಟ್ ಕಡೆ, ಇಲ್ಲವೇ ಬಾಗಿಲಿನ ರಬ್ಬರ್ ಕಡೆ ಅನುಮಾನಪಡಿ. ಒಂದು ಮೂಲೆಯಲ್ಲಿ ಮಾತ್ರ ಐಸ್ ಕಟ್ಟಿ ಉಳಿದದ್ದು ಬೋಳಾಗಿದ್ದರೆ ಗ್ಯಾಸ್ ಕಡಿಮೆಯಾಗಿರಬಹುದು. ಅದು ಮೆಕ್ಯಾನಿಕ್ ಕೆಲಸ, ನೀವು ಕೈ ಹಾಕಬೇಡಿ.

ಐಸನ್ನು ದಯವಿಟ್ಟು ಚಾಕು, ಸ್ಕ್ರೂಡ್ರೈವರ್‌ನಿಂದ ಕೆರೆಯಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಕಾಯಿಲಿನ ಪೈಪ್ ಸಾಮಾನ್ಯವಾಗಿ ತೆಳು ಅಲ್ಯೂಮಿನಿಯಂ, ಒಂದು ತೂತು ಬಿದ್ದರೆ ಇಡೀ ಫ್ರೀಜರೇ ಹೋಯಿತು. ಈಗಿನ ಬಹಳಷ್ಟು ಫ್ರೀಜರ್‌ಗಳಲ್ಲಿರುವ ಆರ್-600ಎ ಗ್ಯಾಸ್ ಬೆಂಕಿ ಹತ್ತಿಕೊಳ್ಳುವಂಥದ್ದು. ಬಿಸಿನೀರಿನ ಪಾತ್ರೆ ಒಳಗಿಟ್ಟು, ಕೆಳಗೆ ಟವೆಲ್ ಹಾಸಿ, ತಾನಾಗಿ ಕರಗಲು ಬಿಡಿ. ಮೂಲೆಗಳಲ್ಲಿ, ನೀರು ಹೋಗುವ ತೂತಿನೊಳಗೆ ಇರುವುದೂ ಕರಗಬೇಕಾದರೆ ಒಂದಿಡೀ ದಿನ ಹಿಡಿಯಬಹುದು. ಆಮೇಲೆ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ. ಎಲ್ಲೂ ತಡೆಯದೆ, ಗೊರಗೊರ ಅನ್ನದೆ ತಿರುಗಬೇಕು.

ಕವರ್ ಹಾಕಿ ಮತ್ತೆ ಚಾಲೂ ಮಾಡಿದಾಗ ಫ್ಯಾನ್ ತಿರುಗಿ, ಕೆಲವು ದಿನ ಬಿಟ್ಟು ಮತ್ತೆ ಕೆರೆತ ಶುರುವಾದರೆ ಹೀಟರ್, ಬೈಮೆಟಲ್ (ತಣ್ಣಗಾದಾಗ ಹೀಟರಿಗೆ ಕರೆಂಟ್ ಬಿಡುವ ಸ್ವಿಚ್) ಅಥವಾ ಸೆನ್ಸರ್ ಕೆಟ್ಟಿರಬಹುದು. ಪ್ಲಗ್ ಕಿತ್ತು, ಹೀಟರಿನ ಕನೆಕ್ಟರ್ ಬಿಡಿಸಿ ಮಲ್ಟಿಮೀಟರ್ ಹಿಡಿಯಿರಿ. 230 ವೋಲ್ಟಿನ 150 ವ್ಯಾಟ್ ಹೀಟರ್ ಆದರೆ ಸುಮಾರು 350 ಓಮ್ ತೋರಿಸಬೇಕು, ಏನೂ ತೋರಿಸದಿದ್ದರೆ ಒಳಗೆ ತುಂಡಾಗಿದೆ. ಬೈಮೆಟಲ್ ವಿಷಯದಲ್ಲಿ ಎಷ್ಟೋ ಜನ ಮೋಸಹೋಗುತ್ತಾರೆ. ಅದು ಚೆನ್ನಾಗಿ ತಣ್ಣಗಾದಾಗ ಮಾತ್ರ ಕೂಡಿಕೊಳ್ಳುತ್ತದೆ. ಹೊರಗಿನ ಸೆಖೆಯಲ್ಲಿ ಅಳೆದರೆ ಒಳ್ಳೆಯದೂ ಕೆಟ್ಟದ್ದರಂತೆ ಕಾಣುತ್ತದೆ.

ಐಸ್ ಪೂರ್ತಿ ಕರಗಿ, ರೆಕ್ಕೆ ಸಲೀಸಾಗಿದ್ದೂ ಫ್ಯಾನ್ ಓಡದಿದ್ದರೆ ಆಗ ಮೋಟಾರ್ ಅಥವಾ ಫ್ರೀಜರನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಮೇಲೆ ಅನುಮಾನಪಡಿ. ಹೊಸ ಮಾಡೆಲ್‌ಗಳಲ್ಲಿ ಹೆಚ್ಚಾಗಿ 12 ವೋಲ್ಟ್ ಡಿಸಿ ಫ್ಯಾನ್ ಇರುತ್ತದೆ. ಮೋಟಾರಿಗೆ ವೋಲ್ಟೇಜ್ ಬಂದೂ ತಿರುಗದಿದ್ದರೆ ಮೋಟಾರ್ ಹೋಗಿದೆ, ಬರುತ್ತಲೇ ಇಲ್ಲವಾದರೆ ವೈರ್, ಸ್ವಿಚ್ ಅಥವಾ ಬೋರ್ಡ್ ಕಡೆ ಹುಡುಕಬೇಕು. ಕರೆಂಟ್ ಇರುವಾಗ ಅಳೆಯುವ ಅಭ್ಯಾಸ ನಿಮಗಿಲ್ಲದಿದ್ದರೆ ಇಷ್ಟಕ್ಕೇ ನಿಲ್ಲಿಸಿ, ಕಂಡದ್ದನ್ನು ಮೆಕ್ಯಾನಿಕ್‌ಗೆ ಹೇಳಿ.

ಒಳಗಿದ್ದ ಆಹಾರದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಇನ್ನೂ ಐಸಿನ ಹರಳು ಇರುವುದನ್ನು ಮತ್ತೆ ಫ್ರೀಜ್ ಮಾಡಬಹುದು. ಪೂರ್ತಿ ಕರಗಿ ಎರಡು ಗಂಟೆಗೂ ಹೆಚ್ಚು ಬೆಚ್ಚಗೆ ಉಳಿದ ಮಾಂಸ, ಮೀನು, ಐಸ್ ಕ್ರೀಮನ್ನು ಎಸೆದುಬಿಡಿ. ಸರಿಯಾದ ಮೇಲೆ ಥರ್ಮಾಮೀಟರ್ ಇಟ್ಟು, ಮೈನಸ್ 18 ಡಿಗ್ರಿಗೆ ಇಳಿದದ್ದು ಕಂಡಮೇಲೆಯೇ ಮತ್ತೆ ತುಂಬಿಸಿ.

ಕವರ್ ತೆಗೆದಾಗ ಐಸ್ ಕರಗಿಸುವ ಮುಂಚೆ ಒಂದು ಫೋಟೋ ತೆಗೆದು ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ.