ಕೋಲಾರದಲ್ಲಿ ಮಳೆ ಒಂದೇ ಸಲ ಸುರಿದು, ಆಮೇಲೆ ವಾರಗಟ್ಟಲೆ ಯಾಕೆ ಕೈಕೊಡುತ್ತದೆ?

ದೊಡ್ಡ ಕಾರಣ, ಗಾಳಿ ಬಿಸಿಯಾಗಿದೆ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಸುಟ್ಟಾಗ ಬರುವ ಇಂಗಾಲದ ಡೈಆಕ್ಸೈಡ್ ಭೂಮಿಯ ಶಾಖವನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ.

ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು 7% ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು. ಮಳೆ ಇಲ್ಲದ ದಿನಗಳಲ್ಲಿ ಅದು ಹೊಲದ ತೇವವನ್ನೂ ಹೀರುತ್ತದೆ. ಹಿಡಿದ ನೀರಾವಿ ಜಾಸ್ತಿ ಇರುವುದರಿಂದ, ಮಳೆ ಸುರಿಯುವಾಗ ಜೋರಾಗಿ ಸುರಿಯುತ್ತದೆ. 2021ರ ನವೆಂಬರ್ ಮಳೆ ನೆನಪಿದೆ ಅಲ್ವಾ? ಕೊಯ್ಲಿಗೆ ಬಂದಿದ್ದ ರಾಗಿ ನೆಲಕ್ಕೆ ಮಲಗಿ, ತೆನೆಯಲ್ಲೇ ಮೊಳಕೆ ಒಡೆಯಿತು. ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಆ ಒಂದು ಮಳೆಗೆ ಇದೊಂದೇ ಕಾರಣ ಅನ್ನಲಾಗದು. ಆದರೆ ಅಂಥ ಮಳೆಯ ಬಿರುಸು ಹೆಚ್ಚುವುದು ಹೀಗೆಯೇ.

ಬಿರುಸು ಮಳೆ ನೆಲಕ್ಕೆ ಇಂಗುವುದು ಕಡಿಮೆ, ಹರಿದುಹೋಗುವುದೇ ಜಾಸ್ತಿ. ನದಿ ನೀರಿಲ್ಲದೆ ಕೆರೆ, ಬೋರ್‌ವೆಲ್ ನಂಬಿದ ನಮ್ಮಂಥ ಜಿಲ್ಲೆಗೆ ಪೆಟ್ಟು ಬೀಳುವುದು ಅಲ್ಲೇ.