ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಪಾಡ್‌ಕಾಸ್ಟ್ ಹುಡುಕಿ ಕೇಳಲು ಯಾವ ಆ್ಯಪ್ ಒಳ್ಳೆಯದು?

ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ಮುಚ್ಚಿಹೋಯಿತು. ಈಗ ನನ್ನ ಆಯ್ಕೆ ಆ್ಯಂಟೆನಾಪಾಡ್. ಉಚಿತ, ಓಪನ್ ಸೋರ್ಸ್, ಜಾಹೀರಾತಿನ ಕಾಟವಿಲ್ಲ, ಖಾತೆ ತೆರೆಯುವ ರಗಳೆಯೂ ಇಲ್ಲ. (ಪಾಡ್‌ಕಾಸ್ಟ್ ಮಾಡುವವರೇ ಸೇರಿಸಿದ ಜಾಹೀರಾತು ಎಲ್ಲಿ ಕೇಳಿದರೂ ಬರುತ್ತದೆ, ಬಿಡಿ.)

ಹುಡುಕುವಾಗ ಕನ್ನಡ ಲಿಪಿಯಲ್ಲಿ ಏನೂ ಸಿಗದಿದ್ದರೆ ಅದೇ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ನೋಡಿ. ಹುಡುಕಾಟ ನಡೆಯುವುದು ಮಾಡಿದವರು ಬರೆದುಕೊಟ್ಟ ಶೀರ್ಷಿಕೆಯ ಮೇಲೆ. ಹಲವರು ಅದನ್ನು ಇಂಗ್ಲಿಷ್ ಲಿಪಿಯಲ್ಲೇ ಕೊಟ್ಟಿರುತ್ತಾರೆ. ‘ತಲೆ-ಹರಟೆ’ ಎಂಬ ಕನ್ನಡ ಪಾಡ್‌ಕಾಸ್ಟಿನಿಂದ ಶುರು ಮಾಡಬಹುದು. ಹುಡುಕಿದ್ದು ಎರಡೂ ಲಿಪಿಯಲ್ಲಿ ಸಿಗದಿದ್ದರೆ ಕಾರ್ಯಕ್ರಮದ ಜಾಲತಾಣದಲ್ಲಿರುವ ಆರ್‌ಎಸ್‌ಎಸ್ (RSS) ವಿಳಾಸವನ್ನು, ಅಂದರೆ ಹೊಸ ಕಂತುಗಳನ್ನು ಆ್ಯಪಿಗೆ ತಲುಪಿಸುವ ಕೊಂಡಿಯನ್ನು, ನಕಲಿಸಿ ಆ್ಯಪಿನಲ್ಲಿ ಅಂಟಿಸಿ. ಸ್ಪಾಟಿಫೈಗೆ ಮಾತ್ರ ಮೀಸಲಾದವುಗಳಿಗೆ ಅಂಥ ವಿಳಾಸವೇ ಇರುವುದಿಲ್ಲ. ಅವನ್ನು ಅಲ್ಲೇ ಕೇಳಬೇಕು.

128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಗುಣಮಟ್ಟದ ಆಡಿಯೊ ನಿಮಿಷಕ್ಕೆ ಸುಮಾರು 1 ಎಂಬಿ ತಿನ್ನುತ್ತದೆ. 45 ನಿಮಿಷದ ಕಂತು ಅಂದರೆ 43 ಎಂಬಿ. ಹಾಗಾಗಿ ಆಟೋ ಡೌನ್‌ಲೋಡನ್ನು ವೈಫೈಗೆ ಸೀಮಿತ ಮಾಡಿ, ಕೇಳಿ ಮುಗಿದದ್ದು ತಾನಾಗಿ ಅಳಿಯುವಂತೆ ಇಡಿ.

ಹೊಸ ಕಂತುಗಳು ಬರುತ್ತಲೇ ಇಲ್ಲ, ಅಥವಾ ಪರದೆ ಆರಿದೊಡನೆ ಧ್ವನಿ ನಿಲ್ಲುತ್ತದೆ ಎಂದರೆ ಬಹುಪಾಲು ಆ್ಯಪಿನ ತಪ್ಪಲ್ಲ. ಫೋನಿನ ಬ್ಯಾಟರಿ ಉಳಿತಾಯ ವ್ಯವಸ್ಥೆ ಅದನ್ನು ಹಿನ್ನೆಲೆಯಲ್ಲಿ ಕೊಲ್ಲುತ್ತಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಈ ಆ್ಯಪಿನ ಬ್ಯಾಟರಿ ಬಳಕೆಗೆ ನಿರ್ಬಂಧ ತೆಗೆಯಿರಿ.

ಫೋನ್ ಬದಲಿಸುವ ಮುನ್ನ ಆ್ಯಪಿನ ಡೇಟಾಬೇಸ್, ಅಂದರೆ ಅದರ ಪೂರ್ತಿ ದಾಖಲೆಯನ್ನು, ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಎಕ್ಸ್‌ಪೋರ್ಟಿನ ಇನ್ನೊಂದು ಬಗೆಯಾದ ಒಪಿಎಂಎಲ್ ಕಡತದಲ್ಲಿ ಚಂದಾ ಪಟ್ಟಿಯಷ್ಟೇ ಇರುತ್ತದೆ; ಯಾವ ಕಂತನ್ನು ಎಲ್ಲಿಯವರೆಗೆ ಕೇಳಿದ್ದಿರಿ ಎಂಬುದು ಹೋಗುತ್ತದೆ.