ಹಾಳೆಯ ಮೇಲಿನ ಮೂರು ತೂತುಗಳು

ಪ್ರಶ್ನೆ: ನಮ್ಮ ಭಾವನವರ ಬಳಿ ಪರವಾನಗಿ ಪಡೆದ ಪಿಸ್ತೂಲು ಇದೆ. ಅಂಗೈಯಗಲದ ಜಾಗದಲ್ಲಿ ಮೂರು ತೂತುಗಳಿರುವ ಹಾಳೆಯೊಂದನ್ನು ಮನೆಗೆ ಬಂದವರಿಗೆಲ್ಲ ತೋರಿಸಿ, 50 ಮೀಟರ್ ದೂರದಿಂದ ಹೊಡೆದದ್ದೆಂದು ಹೇಳುತ್ತಾರೆ. ನಂಬದಿದ್ದರೆ ನಮ್ಮ ಕಾಫಿ ತೋಟದಲ್ಲೇ ಹೊಡೆದು ತೋರಿಸುತ್ತಾರಂತೆ. ಇದನ್ನು ಪರೀಕ್ಷಿಸುವುದು ಹೇಗೆ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಮೂರು ಗುಂಡುಗಳು ತೂರಿಹೋಗಿವೆ ಎಂಬುದಷ್ಟೇ ಆ ಹಾಳೆಯಿಂದ ತಿಳಿಯುತ್ತದೆ. ದೂರವೆಷ್ಟು, ಹೊಡೆದದ್ದು ಬರಿಗೈಯಲ್ಲಿ ಹಿಡಿದೋ ಮೇಜಿಗೆ ಆನಿಸಿಯೋ, ಹಾಳೆಗೆ ತಾಗದೆ ಹೋದ ಗುಂಡುಗಳೆಷ್ಟು, ತೋರಿಸದೆ ಬಿಟ್ಟ ಹಾಳೆಗಳೆಷ್ಟು ಎಂಬುದಕ್ಕೆಲ್ಲ ಸದ್ಯಕ್ಕೆ ಭಾವನವರ ಮಾತೊಂದೇ ಆಧಾರ.

ಅನುಮಾನಕ್ಕೆ ಮೊದಲ ಕಾರಣ ಆ 50 ಮೀಟರ್. ಆತ್ಮರಕ್ಷಣೆಗೆಂದು ಇಟ್ಟುಕೊಳ್ಳುವ ಪಿಸ್ತೂಲಿನ ಮೇಲೆ ಗುರಿ ನೋಡಲೆಂದು ಇರುವ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ 15 ಸೆಂಟಿಮೀಟರ್ ಅಂತರವಿದೆ ಎಂದಿಟ್ಟುಕೊಳ್ಳಿ. ಟ್ರಿಗರ್ ಎಳೆಯುವಾಗ ಮುಂದಿನ ಸೈಟು ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೂ ಅಷ್ಟು ದೂರದಲ್ಲಿ ಗುಂಡು ಸುಮಾರು 33 ಸೆಂಟಿಮೀಟರ್ ಆಚೆ ಬೀಳುತ್ತದೆ. ನಮ್ಮ ಕಡೆಯ ತೋಟದ ಕೋವಿಗೆ ಭುಜದ ಆಸರೆಯಿದೆ, ಉದ್ದನೆಯ ನಳಿಗೆಯಿದೆ. ಹಾಗಾಗಿ ಕೋವಿಯಲ್ಲಿ ಪಳಗಿದವರು ಕೂಡ ಪಿಸ್ತೂಲನ್ನು ಮೊದಲಿನಿಂದ ಕಲಿಯಬೇಕಾಗುತ್ತದೆ.

ಅಂತರರಾಷ್ಟ್ರೀಯ ಸ್ಪರ್ಧೆಯ 50 ಮೀಟರ್ ಪಿಸ್ತೂಲ್ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 50 ಮಿಲಿಮೀಟರ್, ಒಂಬತ್ತರ ವೃತ್ತದ್ದು 100, ಅಂದರೆ ಹೆಚ್ಚುಕಡಿಮೆ ಒಂದು ಅಂಗೈಯಗಲ. 60 ಗುಂಡುಗಳಿಗೆ 600 ಅಂಕ. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ಒಕ್ಕೂಟದ ಅಲೆಕ್ಸಾಂಡರ್ ಮೆಲೆಂಟಿಯೆವ್ ಗಳಿಸಿದ 581 ಅಂಕಗಳ ದಾಖಲೆ ಮುರಿದದ್ದು 2014ರಲ್ಲಿ, ದಕ್ಷಿಣ ಕೊರಿಯಾದ ಜಿನ್ ಜಾಂಗ್-ಓ 583 ಗಳಿಸಿದಾಗ. ಇಂಥ ಸ್ಪರ್ಧಿಗಳು ಬಳಸುವುದು ಸ್ಪರ್ಧೆಗೆಂದೇ ತಯಾರಾದ, ಹಿಡಿಯನ್ನು ಕೈಗೆ ಹೊಂದುವಂತೆ ರೂಪಿಸಿದ ಪಿಸ್ತೂಲು. ಮೂರು ಗುಂಡುಗಳು ಅಪರೂಪಕ್ಕೊಮ್ಮೆ ಒತ್ತಟ್ಟಿಗೆ ಬೀಳುವುದು ಸಾಧಾರಣ ಗುರಿಕಾರನಿಗೂ ಒದಗಬಹುದು. ಅರವತ್ತರಲ್ಲಿ ಹಾಗೆ ಒದಗುವುದಿಲ್ಲ.

ಪರೀಕ್ಷೆ ತೋಟದಲ್ಲಿ ಮಾತ್ರ ಬೇಡವೇ ಬೇಡ. ಕಾಫಿ ಗಿಡಗಳ ಮರೆಯಲ್ಲಿ ಕೆಲಸದವರು ಎಲ್ಲಿದ್ದಾರೆಂಬುದು ಕಾಣುವುದಿಲ್ಲ. ಮೇಲಾಗಿ, ಇತರರಿಗೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಗುಂಡು ಹಾರಿಸಿದರೆ, 2019ರಲ್ಲಿ ತಿದ್ದುಪಡಿಯಾದ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಎರಡು ವರ್ಷಗಳವರೆಗೆ ಜೈಲು, ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು. ಅನುಮತಿಯಿರುವ ಶೂಟಿಂಗ್ ರೇಂಜ್‌ಗೆ ಹೋಗಿ, ಅಲ್ಲಿನ ತರಬೇತುದಾರರ ಎದುರಿನಲ್ಲೇ ನಡೆಸಿ. ಹೊಸ ಹಾಳೆಗಳ ಮೇಲೆ ಮೊದಲೇ ನೀವಿಬ್ಬರೂ ಸಹಿ ಹಾಕಿ, ದೂರವನ್ನು ಟೇಪು ಹಿಡಿದು ಅಳೆದು, ಲೆಕ್ಕಕ್ಕೆ ಹಿಡಿಯುವ ಗುಂಡುಗಳು ಮೂವತ್ತೋ ಅರವತ್ತೋ ಎಂಬುದನ್ನು ಹೊಡೆಯುವ ಮುನ್ನವೇ ಬರೆದಿಡಿ. ಕೈ ಕುದುರಲೆಂದು ಹಾರಿಸುವ ಮೊದಲ ಕೆಲವು ಗುಂಡುಗಳಿಗೆ ಬೇರೆ ಹಾಳೆಯಿರಲಿ. ಆಮೇಲಿನ ಯಾವ ಗುಂಡನ್ನೂ ಬಿಡುವಂತಿಲ್ಲ, ಹಾಳೆಗೆ ತಾಗದ್ದಕ್ಕೆ ಸೊನ್ನೆ. ಇನ್ನೊಂದು ದಿನ ಇದನ್ನೇ ಮತ್ತೆ ಮಾಡಿಸಿ, ಎರಡೂ ದಿನದ ಅಂಕಗಳನ್ನು ಹೋಲಿಸಿ.

ತೂತುಗಳೆಲ್ಲ ಒತ್ತಾಗಿದ್ದು ನಡುವಿನಿಂದ ಒಂದೇ ಬದಿಗೆ ಸರಿದಿದ್ದರೆ ಭಾವನವರನ್ನು ಹಂಗಿಸುವ ಅವಸರ ಬೇಡ. ಅದು ಹೆಚ್ಚಾಗಿ ಸೈಟಿನ ಹೊಂದಾಣಿಕೆಯ ದೋಷವಾಗಿರುತ್ತದೆ. ಸೈಟು ಸರಿಪಡಿಸಿದ ಮೇಲೆ ಇನ್ನೊಂದು ಸುತ್ತು ಹೊಡೆಯಲು ಅವರಿಗೆ ಅವಕಾಶ ಕೊಡಿ.